ಹಸಿ ಕಣ

ಜಗಳೂರು ಸೀಮೆಯಲ್ಲಿ ಕಣ ಅಂದರೆ ಘಟ್ಟಮ್ಮ ಅನ್ನುವ ಕಾಲವೊಂದಿತ್ತು. ಪೂರ್ತಿ ಹೆಸರು ಅಂತರಘಟ್ಟಮ್ಮ. ಮಗಳಿಗೆ ದೇವಿಯ ಹೆಸರಿಟ್ಟ ತಪ್ಪಿಗೆ ಅವಳ ತಾಯಿ ಬೈಯುವ ಮುಂಚೆ ಪ್ರತಿ ಸಲವೂ ಕೆನ್ನೆ ಕೆನ್ನೆ ಬಡಿದುಕೊಂಡು, ಆಮೇಲೆ ಬಾಯಿಗೆ ಬಂದದ್ದನ್ನೆಲ್ಲ ಅಂದು, ಕೊನೆಗೆ ಇನ್ನೊಮ್ಮೆ ಕೆನ್ನೆ ಬಡಿದುಕೊಳ್ಳುತ್ತಿದ್ದಳಂತೆ. ಅಷ್ಟು ರಗಳೆ ಯಾರಿಗೆ ಬೇಕು ಎಂದು ಊರಿನವರು ಅದನ್ನು ಘಟ್ಟಮ್ಮ ಅಂತ ಮೊಟಕು ಮಾಡಿದರು.

ಒಕ್ಕಣೆಯ ಕಣ ಮಾಡುವುದು ಸುಲಭವಲ್ಲ. ನೆಲ ಕೆತ್ತಿ, ನೀರು ಚೆಲ್ಲಿ, ಕಲ್ಲು ಉರುಳಿಸಿ ಗಟ್ಟಿ ಮಾಡಬೇಕು. ಅಲ್ಲಿಯವರೆಗಿನದು ಗಂಡಸರ ಕೆಲಸ. ಆಮೇಲೆ ಸಗಣಿ ಬಗ್ಗಡ ಹಾಕಿ ಸಾರಿಸಬೇಕು, ಅದು ಹೆಂಗಸರದು. ಉಳಿದವರು ಪೊರಕೆ ಹಿಡಿದು ಎಳೆದರೆ ಘಟ್ಟಮ್ಮ ಮಂಡಿಯೂರಿ ಬರಿಗೈಯಲ್ಲಿ ಸಾರಿಸುವಳು. ಎಡದಿಂದ ಬಲಕ್ಕೆ ಅಂಗೈ ಬೀಸಿದರೆ ಒಂದು ಕಮಾನು, ಅದರ ಅಂಚಿನ ಮೇಲೆ ಇನ್ನೊಂದು ಕಮಾನು, ಹೆಂಚು ಹೊದಿಸಿದ ಹಾಗೆ. ಅವಳ ಬಲಗೈ ಕಿರುಬೆರಳು ಚಿಕ್ಕಂದಿನಲ್ಲೇ ಸೊಟ್ಟಗಾಗಿತ್ತು. ಹಾಗಾಗಿ ಪ್ರತಿ ಕಮಾನಿನ ಹೊರಗೂ ಒಂದು ತೆಳ್ಳನೆ ಗೆರೆ ಬೇರೆಯಾಗಿ ಬೀಳುತ್ತಿತ್ತು. ದಾರಿಯಲ್ಲಿ ಹೋಗುವವರು ಸಹ ಕಣ ನೋಡಿ, ಇದು ಘಟ್ಟಮ್ಮನ ಕೈ, ಅನ್ನುತ್ತಿದ್ದರು.

ಸಾರಿಸಿದರೆ ಮುಗಿಯಲಿಲ್ಲ. ಅದು ಒಣಗಬೇಕು. ಬಿಸಿಲು ಏರಿದ ಮೇಲೆ ಘಟ್ಟಮ್ಮ ಬಂದು ಕಣದ ನಡುವೆ ಹಿಮ್ಮಡಿ ಊರಿ, ಮೈಭಾರವೆಲ್ಲ ಅದರ ಮೇಲೆ ಬಿಟ್ಟು, ಒಂದು ಸುತ್ತು ತಿರುಗುವಳು. ಹಿಮ್ಮಡಿಗೆ ಏನೂ ಅಂಟದಿದ್ದರೆ, ಇಳಿಸ್ರಿ, ಅನ್ನುವಳು. ಅವಳು ಅನ್ನುವ ತನಕ ಎಂಥ ದೊಡ್ಡ ಗೌಡನ ಗಾಡಿಯೂ ಕಣದ ಹೊರಗೇ ನಿಂತಿರಬೇಕು. ಇಳಿಸಿದ ಮೇಲೆ ಮಾತ್ರ ಲೆಕ್ಕ ತಿರುವು ಮುರುವು. ರಾಶಿ ಬಿತ್ತೆಂದರೆ ಅದು ಲಕ್ಷ್ಮಿ, ಸಾರಿಸಿದವಳು ಕಾಲೋನಿಯವಳು, ಅವಳು ಕಣದ ಹೊರಗೆ ನಿಂತು ಸೆರಗೊಡ್ಡಬೇಕು. ಇದನ್ನು ಯಾರೂ ವಿಚಿತ್ರ ಅಂದುಕೊಳ್ಳಲಿಲ್ಲ. ಘಟ್ಟಮ್ಮನೂ ಅಂದುಕೊಂಡಿರಲಿಲ್ಲ, ಆಗ.

ಆಮೇಲೆ ಯಂತ್ರ ಬಂತು. ಮೆಕ್ಕೆಜೋಳದ ತೆನೆಯನ್ನು ಒಂದು ಬಾಯಿಗೆ ಹಾಕಿದರೆ ಇನ್ನೊಂದು ಬಾಯಲ್ಲಿ ಕಾಳು ಉಗುಳುವ ಯಂತ್ರ. ಒಣಗಿಸಲಿಕ್ಕೆ ಡಾಂಬರು ರಸ್ತೆ ಹೇಗೂ ಇದೆ. ಸರ್ಕಾರ ರಸ್ತೆ ಮಾಡಿಸಿದ್ದೇ ನಮ್ಮ ರಾಗಿ ಹರವಲಿಕ್ಕೆ ಅನ್ನುವ ಹಾಗೆ ಜನ ಅರ್ಧ ರಸ್ತೆ ಹಿಡಿದು ಕೂತರು. ಕಣಗಳಲ್ಲಿ ಜಾಲಿ ಬೆಳೆಯಿತು. ಘಟ್ಟಮ್ಮ ಈರುಳ್ಳಿ ಕಳೆಗೆ, ಕೆರೆ ಹೂಳಿಗೆ, ಕರೆದ ಕಡೆಗೆ ಹೋಗತೊಡಗಿದಳು. ಸಾರಿಸುವ ಕೈಗೆ ಸ್ವಂತ ಮನೆಯ ಮುಂದಿನ ನಾಲ್ಕು ಮೊಳ ಅಂಗಳ ಉಳಿಯಿತು.

ಗಂಡ ತಿಪ್ಪೇಶಪ್ಪ ಊರ ಪಕ್ಕದ ಗುಡ್ಡದ ಮೇಲಿನ ಗಾಳಿಯಂತ್ರಗಳ ಕಾವಲುಗಾರ. ಆ ಬಿಳಿ ಕಂಬಗಳಿಗೆ ನಮ್ಮ ಕಡೆ ಫ್ಯಾನು ಅನ್ನುತ್ತಾರೆ. ಮಾತು ಕಡಿಮೆಯ ಮನುಷ್ಯ. ಆಡಿದರೆ ಫ್ಯಾನಿನ ಮಾತೇ: ಇವತ್ತು ಫ್ಯಾನು ನಿಧಾನ, ಇವತ್ತು ಜೋರು. ಗಾಳಿ ಜೋರಾಗಿದ್ದ ದಿನ ಅವನು ಸಂತೋಷವಾಗಿ ಉಣ್ಣುತ್ತಿದ್ದ, ತಾನೇ ಬೀಸಿದವನ ಹಾಗೆ.

ಅವರ ಮಗಳು ರಕ್ಷಾ. ಅಣ್ಣ ಸಿದ್ದೇಶನಿಗೆ ಶಾಲೆಯಲ್ಲಿ ಕೊಟ್ಟಿದ್ದ ಸೈಕಲ್ಲನ್ನು ಅವನು ದಾವಣಗೆರೆಯ ಗ್ಯಾರೇಜಿಗೆ ಕೆಲಸಕ್ಕೆ ಹೋಗುವಾಗ ಬಿಟ್ಟು ಹೋದ. ಹುಡುಗಿ ಅದನ್ನು ಹಿಡಿದಳು. ಅಪ್ಪನಿಗೆ ಬುತ್ತಿ ಕೊಡುವ ನೆಪದಲ್ಲಿ ಫ್ಯಾನಿನ ರಸ್ತೆಯಲ್ಲಿ ಗುಡ್ಡ ಹತ್ತಿ, ಇಳಿಯುವಾಗ ರಸ್ತೆ ಬಿಟ್ಟು ಕಲ್ಲು, ಬದು, ಹಳ್ಳ ಎಲ್ಲದರ ಮೇಲಿಂದ ಹಾರಿಸಿಕೊಂಡು ಬರುತ್ತಿದ್ದಳು. ಮೊಣಕಾಲು ನೋಡಿದರೆ ಹುಡುಗಿ ಅನ್ನುವ ಹಾಗಿರಲಿಲ್ಲ. ಘಟ್ಟಮ್ಮ ಬೈದಳು, ಅತ್ತಳು, ಒಂದು ಸಲ ಸೈಕಲ್ಲಿನ ಚೈನು ಕಿತ್ತು ಬಚ್ಚಿಟ್ಟಳು. ಹುಡುಗಿ ಚೈನಿಲ್ಲದೆ ತಳ್ಳಿಕೊಂಡು ಗುಡ್ಡ ಹತ್ತಿ, ಚೈನಿಲ್ಲದೆ ಇಳಿದು ಬಂದಳು. ಇಳಿಯಲಿಕ್ಕೆ ಚೈನು ಯಾಕೆ ಬೇಕು? ಘಟ್ಟಮ್ಮ ಸೋತು ವಾಪಸು ಕೊಟ್ಟಳು.

ಹೀಗೆ ಇಳಿಯುವವಳನ್ನು ಕಂಡವರು ಅರುಣ್ ಕುಮಾರ್ ಮೇಷ್ಟ್ರು. ಚನ್ನಗಿರಿಯವರು, ಜಗಳೂರಿನ ಕಾಲೇಜಿನಲ್ಲಿ ಆಟದ ಮೇಷ್ಟ್ರು. ವಯಸ್ಸಿನಲ್ಲಿ ಹಿಮಾಲಯದ ಕಡೆ ತರಬೇತಿಗೆ ಹೋಗಿ ಏನೇನೋ ನೋಡಿಕೊಂಡು ಬಂದು, ಈ ಬಯಲಲ್ಲಿ ಯಾರಿಗೆ ಹೇಳುವುದೆಂದು ತಿಳಿಯದೆ ವಾಲಿಬಾಲ್ ಆಡಿಸಿಕೊಂಡಿದ್ದರು. ರಕ್ಷಾಳನ್ನು ಕಂಡದ್ದೇ ತಡ, ಅವರ ಹಳೆಯ ಹುಚ್ಚು ಕೆರಳಿತು. ಮನೆಗೇ ಬಂದು, ಕಟ್ಟೆಯ ಮೇಲೆ ಕೂತು, ಫೋನಿನಲ್ಲಿ ತೋರಿಸಿದರು. ಬೆಳ್ಳಗಿನ ಹಿಮದ ಇಳಿಜಾರು; ಅದರ ಮೇಲೆ ದಿಬ್ಬ, ಕಬ್ಬಿಣದ ಕಂಬಿ, ಮತ್ತೆ ದಿಬ್ಬ. ಕಾಲಿಗೆ ಹಲಗೆ ಕಟ್ಟಿಕೊಂಡ ಹುಡುಗಿಯೊಬ್ಬಳು ಒಂದರಿಂದ ಹಾರಿ ಇನ್ನೊಂದರ ಮೇಲೆ ಇಳಿದು, ನಡುವೆ ಗಾಳಿಯಲ್ಲಿ ಗಿರಗಿರನೆ ಸುತ್ತುತ್ತಿದ್ದಳು. ಇದಕ್ಕೆ ಸ್ಲೋಪ್‌ಸ್ಟೈಲ್ ಅನ್ನುತ್ತಾರೆ, ಇದನ್ನೇ ಸೈಕಲ್ಲಿನಲ್ಲಿ ಮಣ್ಣಿನ ದಿಬ್ಬಗಳ ಮೇಲೂ ಆಡುತ್ತಾರೆ ಎಂದರು. ಯಾರು ಮೊದಲು ಬಂದರು ಎಂದು ನೋಡುವ ಆಟವಲ್ಲ. ಎಷ್ಟು ಎತ್ತರ ಹಾರಿದರು, ಗಾಳಿಯಲ್ಲಿ ಏನು ಮಾಡಿದರು, ಎಷ್ಟು ಚೊಕ್ಕವಾಗಿ ನೆಲ ಮುಟ್ಟಿದರು, ಇದನ್ನು ತೀರ್ಪುಗಾರರು ಕೂತು ನೋಡಿ ಅಂಕ ಕೊಡುತ್ತಾರೆ.

ಘಟ್ಟಮ್ಮ ಎಲ್ಲವನ್ನೂ ನೋಡಿ ಒಂದೇ ಪ್ರಶ್ನೆ ಕೇಳಿದಳು.

“ಅಷ್ಟು ನುಣ್ಣಗೈತಲ್ಲ ಸಾರ್, ಆ ಹಿಮ ಯಾರು ಸಾರಿಸ್ತಾರೆ?”

ಮೇಷ್ಟ್ರು ನಕ್ಕರು. ಆಮೇಲೆ, ಸಾರಿಸುತ್ತಾರೆ, ಯಂತ್ರದಲ್ಲಿ ಸಾರಿಸಿ ರಾತ್ರಿಯೆಲ್ಲ ಗಟ್ಟಿಯಾಗಲು ಬಿಡುತ್ತಾರೆ ಎಂದರು. ಅಷ್ಟು ಕೇಳಿದ್ದೇ ಘಟ್ಟಮ್ಮನಿಗೆ ಆ ಆಟದ ಅರ್ಧ ಭಯ ಹೋಯಿತು. ಸಾರಿಸುವವರು ಇದ್ದಾರೆಂದರೆ ಅದು ತೀರಾ ಬೇವಾರ್ಸಿ ಆಟವಾಗಿರಲಾರದು.

ಊರಾಚೆಯ ಹಾಳುಬಿದ್ದ ಕಣವೊಂದರಲ್ಲಿ ಮೇಷ್ಟ್ರು ಎರಡು ದಿಬ್ಬ ಹಾಕಿಸಿದರು, ಒಂದು ಹಾರಲಿಕ್ಕೆ, ಒಂದು ಇಳಿಯಲಿಕ್ಕೆ. ತಮ್ಮ ಹಳೆಯ ಗುಡ್ಡದ ಸೈಕಲ್ಲನ್ನು ಹುಡುಗಿಗೆ ಕೊಟ್ಟರು. ಆದರೆ ಜಗಳೂರಿನ ಮಣ್ಣು ಗೊತ್ತಲ್ಲ, ಬಿಸಿಲಿಗೆ ಹಿಟ್ಟು. ಇಳಿಯುವ ದಿಬ್ಬದ ಮೇಲೆ ಚಕ್ರ ಬಿದ್ದಲ್ಲೆಲ್ಲ ಪುಡಿ ಏಳುತ್ತಿತ್ತು, ಪುಡಿಯ ಮೇಲೆ ಚಕ್ರ ಸರಿಯುತ್ತಿತ್ತು. ಮೊದಲ ವಾರವೇ ರಕ್ಷಾ ಗಲ್ಲ ಕೆತ್ತಿಸಿಕೊಂಡು ಮನೆಗೆ ಬಂದಳು. ಘಟ್ಟಮ್ಮ ಗಾಯಕ್ಕೆ ಅರಿಶಿನ ಮೆತ್ತಿದಳು. ಮಾರನೆಯ ಬೆಳಿಗ್ಗೆ ಬುಟ್ಟಿ ತುಂಬ ಸಗಣಿ ಹೊತ್ತು ಕಣಕ್ಕೆ ಹೋದಳು. ಬರಿ ಮಣ್ಣಿನ ಕಣಕ್ಕೆ ಯಾರಾದರೂ ರಾಶಿ ಇಳಿಸುತ್ತಾರೆಯೆ? ರಾಗಿಗೇ ಇಲ್ಲದ ಅವಮರ್ಯಾದೆ ಮಗಳಿಗೆ ಯಾಕೆ ಅನ್ನುವುದು ಅವಳ ವಾದ.

ಸಾರಿಸಿದ ದಿಬ್ಬ ಮಧ್ಯಾಹ್ನಕ್ಕೆ ಒಣಗಿ ಗಟ್ಟಿಯಾಯಿತು. ಘಟ್ಟಮ್ಮ ದಿಬ್ಬ ಹತ್ತಿ ಹಿಮ್ಮಡಿ ಊರಿ ಸುತ್ತು ತಿರುಗಿ ನೋಡಿ, ಇಳಿಯವ್ವ, ಎಂದಳು. ರಕ್ಷಾ ಹಾರಿ ಇಳಿದಳು. ಪುಡಿ ಏಳಲಿಲ್ಲ, ಚಕ್ರ ಸರಿಯಲಿಲ್ಲ. ಮೇಷ್ಟ್ರು ಕೈಮುಗಿದರು. ಘಟ್ಟಮ್ಮನ ಕೈಗೆ ಎಷ್ಟೋ ವರ್ಷಗಳ ಮೇಲೆ ಕಣ ಸಿಕ್ಕಿತ್ತು. ಈ ಕಣದಲ್ಲಿ ಅವಳನ್ನು ಹೊರಗೆ ನಿಲ್ಲಿಸುವವರು ಯಾರೂ ಇರಲಿಲ್ಲ. ಸಂತೋಷ ಅಂದರೆ ಸಂತೋಷ, ಸುಳ್ಳು ಯಾಕೆ ಹೇಳಬೇಕು.

ಅಂದಿನಿಂದ ಅದೊಂದು ಪದ್ಧತಿಯಾಯಿತು. ಘಟ್ಟಮ್ಮ ಸಾರಿಸುವಳು, ಒಣಗುವ ತನಕ ಸೈಕಲ್ಲಿಗೆ ದಿಬ್ಬವಿಲ್ಲ, ಹಿಮ್ಮಡಿಯ ಪರೀಕ್ಷೆ ಮುಗಿದ ಮೇಲೆ ಹಾರಾಟ. ಹೊನ್ನಾಳಿಯಿಂದ, ನ್ಯಾಮತಿಯಿಂದ, ಚನ್ನಗಿರಿಯಿಂದ ಹುಡುಗ ಹುಡುಗಿಯರು ಭಾನುವಾರ ಭಾನುವಾರ ಬರತೊಡಗಿದರು. ಅವರಲ್ಲಿ ಹೊನ್ನಾಳಿ ತಾಲ್ಲೂಕು ಸಾಸ್ವೆಹಳ್ಳಿಯ ಶಿವಲೀಲಾ ರಕ್ಷಾಳಿಗೆ ಸರಿಸಾಟಿ. ನೀರು ಹರಿದ ಹಾಗೆ ಬರುವಳು, ಒಂದು ಚೂರೂ ತಪ್ಪುವವಳಲ್ಲ. ರಕ್ಷಾಳ ಹತ್ತಿರ ಇದ್ದದ್ದು, ಶಿವಲೀಲಾಳ ಹತ್ತಿರ ಇಲ್ಲದ್ದು, ಒಂದೇ: ಹಿಂದಕ್ಕೆ ಲಾಗ. ದಿಬ್ಬದಿಂದ ಹಾರಿ, ಸೈಕಲ್ ಸಮೇತ ಹಿಮ್ಮುಖವಾಗಿ ಪೂರ್ತಿ ಒಂದು ಲಾಗ ಹಾಕಿ, ಮತ್ತೆ ಚಕ್ರದ ಮೇಲೆ ಇಳಿಯುವುದು. ಅದನ್ನು ಅವಳು ಅಮ್ಮ ಸಾರಿಸಿದ ನೆಲಕ್ಕೆ ಮಾತ್ರ ಹಾಕುತ್ತಿದ್ದಳು. ಲಾಗ ಹಾಕುವಾಗ ತಲೆ ಕೆಳಗಾಗಿರುತ್ತದೆ, ನೆಲ ನೋಡಿಕೊಂಡು ಇಳಿಯಲು ಪುರುಸೊತ್ತಿಲ್ಲ, ಹಾರುವ ಮುಂಚೆಯೇ ನೆಲವನ್ನು ನಂಬಿರಬೇಕು ಎಂದು ಅಮ್ಮನಿಗೆ ವಿವರಿಸಿದ್ದಳು. ಬೇರೆ ದಿಬ್ಬಗಳ ಮೇಲೆ ಮೇಷ್ಟ್ರು ಎಷ್ಟು ಹೇಳಿದರೂ ಸೀದಾ ಹಾರಿ ಸೀದಾ ಇಳಿಯುತ್ತಿದ್ದಳು.

ಈ ಮಾತು ನೆನಪಿಟ್ಟುಕೊಳ್ಳಿ. ಘಟ್ಟಮ್ಮನೂ ನೆನಪಿಟ್ಟುಕೊಂಡಿದ್ದಳು; ಅದೇ ಎಡವಟ್ಟಾಯಿತು.

ಹೋದ ವರ್ಷ ಕಾರ್ತಿಕ ಕಳೆದ ಮೇಲೆ, ಫ್ಯಾನಿನ ಗುಡ್ಡದ ಇಳಿಜಾರಿನಲ್ಲಿ ದೊಡ್ಡ ಸ್ಪರ್ಧೆ ಏರ್ಪಟ್ಟಿತು. ಹೊರಗಿನಿಂದ ಬಂದ ಸಂಘದವರು ನಡೆಸುವುದು. ಮರದ ಅಟ್ಟಣಿಗೆಯಿಂದ ಹೊರಟು ಮೂರು ಸಣ್ಣ ದಿಬ್ಬ, ಒಂದು ಹಲಗೆಯ ಗೋಡೆ, ಕೊನೆಯಲ್ಲಿ ಮನೆಯೆತ್ತರದ ದೊಡ್ಡ ದಿಬ್ಬ. ಒಬ್ಬೊಬ್ಬರಿಗೂ ಎರಡು ಸಲ ಅವಕಾಶ, ಅದರಲ್ಲಿ ಒಳ್ಳೆಯದು ಲೆಕ್ಕಕ್ಕೆ. ಹುಡುಗಿಯರಲ್ಲಿ ಮೊದಲು ಬಂದವಳೊಬ್ಬಳನ್ನು ರಾಜ್ಯದ ತಂಡಕ್ಕೆ ಸೇರಿಸಿಕೊಂಡು ಹೊರಗೆ ತರಬೇತಿಗೆ ಕಳಿಸುತ್ತಾರೆ. ಒಬ್ಬಳೇ. ಎರಡನೆಯವಳಿಗೆ ಒಂದು ಲೋಟದಂಥ ಕಪ್ಪು ಕೊಟ್ಟು ಚಪ್ಪಾಳೆ ತಟ್ಟುತ್ತಾರೆ. ರಕ್ಷಾ ಅದಕ್ಕಾಗಿ ಎರಡು ವರ್ಷದಿಂದ ನೆಲ ಕಚ್ಚುತ್ತ ಏಳುತ್ತ ಇದ್ದಳು. ಪಿಯುಸಿ ಮುಗಿದರೆ ಮದುವೆಯ ಮಾತು ಏಳುವುದು ಖಂಡಿತ ಎಂದು ಅವಳಿಗೂ ಗೊತ್ತಿತ್ತು, ಅವಳ ಅಮ್ಮನಿಗೂ ಗೊತ್ತಿತ್ತು.

ಸ್ಪರ್ಧೆಯ ಹಿಂದಿನ ಸಂಜೆ ಅಮ್ಮ ಮಗಳು ಗುಡ್ಡಕ್ಕೆ ಹೋಗಿ ನೋಡಿದರು. ಕೊನೆಯ ದಿಬ್ಬದ ಇಳಿಯುವ ಕಡೆಗೆ ಆಗಷ್ಟೇ ಹೊಸ ಕೆಂಪು ಮಣ್ಣು ಸುರಿದು ಒತ್ತಿದ್ದರು. ಘಟ್ಟಮ್ಮ ಬಗ್ಗಿ ಹಿಡಿ ಮಣ್ಣು ಹಿಸುಕಿದಳು. ಹಿಟ್ಟು. ನಾಳೆ ಲಾಗ ಹಾಕುತ್ತೀಯಾ ಎಂದು ಕೇಳಿದಳು.

“ಇಲ್ಲಮ್ಮ, ಬರಿ ಮಣ್ಣೈತೆ. ಸೀದಾ ಹಾರ್ತೀನಿ. ಶಿವಲೀಲಾ ಎಲ್ಲಾರ ತಪ್ಪಿದ್ರೆ ನಂದು, ಇಲ್ಲಾಂದ್ರೆ ಅವಳ್ದು.”

ಹುಡುಗಿ ಸುಮ್ಮನೆ ಹೇಳಿದಳು, ಬೇಜಾರಿಲ್ಲದೆ. ಶಿವಲೀಲಾ ತಪ್ಪುವವಳಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಆಮೇಲೆ ರಕ್ಷಾ ಉಳಿದ ಹುಡುಗಿಯರೊಂದಿಗೆ ಜಗಳೂರಿನ ಕಲ್ಯಾಣ ಮಂಟಪಕ್ಕೆ ಹೋದಳು. ಸ್ಪರ್ಧೆಯವರೆಲ್ಲ ಅಲ್ಲೇ ತಂಗಬೇಕು, ಫೋನು ಮೇಷ್ಟ್ರ ಕೈಗೆ ಕೊಡಬೇಕು, ಹಾಗೆ ನಿಯಮ. ಹುಡುಗರ ಸರದಿ ಬೆಳಿಗ್ಗೆ, ಹುಡುಗಿಯರದು ಊಟವಾದ ಮೇಲೆ ಎಂದು ಎಲ್ಲರಿಗೂ ಹೇಳಿದ್ದರು. ಹುಡುಗರಿಗೆ ಹಾರಲು ಪಕ್ಕದಲ್ಲೇ ಇನ್ನೂ ದೊಡ್ಡದೊಂದು ದಿಬ್ಬವಿತ್ತು. ಅಂದರೆ ಹುಡುಗಿಯರ ದಿಬ್ಬವನ್ನು ಮಧ್ಯಾಹ್ನದವರೆಗೆ ಯಾರೂ ಮುಟ್ಟುವುದಿಲ್ಲ. ಅಂದರೆ ಒಣಗಲಿಕ್ಕೆ ಸಮಯವಿದೆ. ಘಟ್ಟಮ್ಮನ ತಲೆ ಓಡಿದ್ದು ಹೀಗೆ. ಇದರಲ್ಲಿ ತಪ್ಪೆಲ್ಲಿದೆ, ನೀವೇ ಹೇಳಿ.

ಬೆಳಕು ಹರಿಯುವ ಹೊತ್ತಿಗೆ ಅವಳು ಬುಟ್ಟಿ ಹೊತ್ತು ಗುಡ್ಡದಲ್ಲಿದ್ದಳು. ಕಾವಲಿಗಿದ್ದ ತಿಪ್ಪೇಶಪ್ಪನೇ ಟ್ಯಾಂಕಿಯಿಂದ ಎರಡು ಕೊಡ ನೀರು ತಂದುಕೊಟ್ಟ. ಹಿಟ್ಟು ಮಣ್ಣು ಬಗ್ಗಡವನ್ನು ಕುಡಿಯುತ್ತಲೇ ಹೋಯಿತು. ದಿನಾ ಹಾಕುವುದಕ್ಕಿಂತ ದಪ್ಪ ಹಾಕಬೇಕಾಯಿತು. ಮಂಡಿಯೂರಿ, ಮೇಲಿನಿಂದ ಕೆಳಗೆ, ಕಮಾನಿನ ಮೇಲೆ ಕಮಾನು, ಅಷ್ಟಗಲ ಇಳಿಜಾರನ್ನೂ ಸಾರಿಸಿದಳು. ಮುಗಿಸಿ ದೂರ ನಿಂತು ನೋಡಿದಾಗ ಅವಳಿಗೇ ಹೆಮ್ಮೆಯಾಯಿತು. ಗಂಡನೂ ನೋಡಿದ. ಆಕಾಶದ ಕಡೆ ನೋಡಿ, ಎಲ್ಲೋ ಸಮುದ್ರದಲ್ಲಿ ಚಂಡಮಾರುತವಂತೆ, ಮೋಡ ಬರಬಹುದು, ಗಾಳಿಯೂ ಬರಬಹುದು ಎಂದ. ಅವನದು ಯಾವಾಗಲೂ ಗಾಳಿಯ ಮಾತೇ ಎಂದು ಘಟ್ಟಮ್ಮ ಕಿವಿಗೆ ಹಾಕಿಕೊಳ್ಳಲಿಲ್ಲ. ಊಟದ ಹೊತ್ತಿಗೆ ಬಂದು ಹಿಮ್ಮಡಿ ಊರಿ ನೋಡಿ, ಆಮೇಲೆ ಮಗಳಿಗೆ ಹೇಳೋಣ, ಅಲ್ಲಿವರೆಗೆ ಗುಟ್ಟಾಗಿರಲಿ ಎಂದುಕೊಂಡು ರೊಟ್ಟಿ ಬಡಿಯಲು ಮನೆಗೆ ಹೋದಳು. ತಾನೊಂದು ಬಗೆದರೆ ದೈವವೊಂದು ಬಗೆಯಿತು ಅನ್ನುತ್ತಾರೆ. ಇಲ್ಲಿ ದೈವಕ್ಕೆ ಅಷ್ಟು ಕಷ್ಟ ಕೊಡಬೇಕಾಗಿರಲಿಲ್ಲ, ಸಂಘದವರೇ ಸಾಕಾದರು.

ರೊಟ್ಟಿ ಇನ್ನೂ ಹಂಚಿನ ಮೇಲಿತ್ತು. ಗುಡ್ಡದ ಧ್ವನಿವರ್ಧಕದ ಮಾತು ಗಾಳಿಯಲ್ಲಿ ತೇಲಿ ಬಂತು. ಮಧ್ಯಾಹ್ನದ ಮೇಲೆ ಗಾಳಿ ಜೋರಾಗುವ ಸೂಚನೆ ಇರುವುದರಿಂದ ಹುಡುಗಿಯರ ಸ್ಪರ್ಧೆಯನ್ನು ಮೊದಲು ನಡೆಸಲಾಗುವುದು, ಹುಡುಗಿಯರೆಲ್ಲ ಅಟ್ಟಣಿಗೆಗೆ ಬರಬೇಕು. ಘಟ್ಟಮ್ಮನಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಹೊರಗೆ ಬಂದು ನೋಡಿದಳು. ಬಿಸಿಲಿರಲಿಲ್ಲ. ಆಕಾಶದ ತುಂಬ ಬೂದಿ ಬಣ್ಣದ ಮೋಡ ಹರಡಿಕೊಂಡಿತ್ತು. ಒಲೆ ಆರಿಸದೆ, ಚಪ್ಪಲಿ ಮೆಟ್ಟದೆ ಗುಡ್ಡದ ಕಡೆ ಓಡಿದಳು.

ಗುಡ್ಡದಲ್ಲಿ ಜನ ಸೇರಿದ್ದರು. ಹಾದಿಯ ಎರಡೂ ಕಡೆ ಹಗ್ಗ ಕಟ್ಟಿದ್ದರು. ಶಾಮಿಯಾನದ ಕೆಳಗೆ ತೀರ್ಪುಗಾರರು ಕೂತಿದ್ದರು. ಘಟ್ಟಮ್ಮ ಜನರನ್ನು ಸರಿಸಿಕೊಂಡು ಕೊನೆಯ ದಿಬ್ಬದ ಹತ್ತಿರದ ಹಗ್ಗಕ್ಕೆ ಬಂದಳು. ಮೇಲ್ನೋಟಕ್ಕೆ ಎಲ್ಲ ಚೆನ್ನಾಗಿತ್ತು. ಮೇಲಿನ ಪದರ ಬೆಳ್ಳಗಾಗಿ ಒಣಗಿದಂತೆ ಕಾಣುತ್ತಿತ್ತು. ಆದರೆ ಅವಳಿಗೆ ಗೊತ್ತಿತ್ತು: ಮೋಡದ ದಿನ ಗಾಳಿಗೆ ಒಣಗುವುದು ಮೇಲಿನ ಕೆನೆ ಮಾತ್ರ. ಒಳಗಡೆ ಅಷ್ಟೂ ಬಗ್ಗಡ ಹಸಿ ಹಸಿಯಾಗಿ ಕೂತಿದೆ. ಹಗ್ಗ ದಾಟಿ ಒಂದು ಹಿಮ್ಮಡಿ ಊರಿದರೆ ಸಾಕಿತ್ತು, ಎಲ್ಲರಿಗೂ ಕಾಣುತ್ತಿತ್ತು.

ಅವಳು ಹಗ್ಗದ ಕೆಳಗೆ ನುಸುಳಿದಳು. ಹಳದಿ ಅಂಗಿ ತೊಟ್ಟ ಸ್ವಯಂಸೇವಕನೊಬ್ಬ, ಗೋವಿನಕೋವಿ ಊರಿನವನಂತೆ, ಓಡಿ ಬಂದು ತಡೆದ. ಒರಟನಲ್ಲ, ಭುಜ ಹಿಡಿದು ಮೆಲ್ಲಗೆ ಹಿಂದಕ್ಕೆ ಕಳಿಸಿದ. ಅದು ಹಸಿ ಐತೆ, ನಾನೇ ಸಾರಿಸಿದ್ದು, ಯಾರನ್ನೂ ಬಿಡಬೇಡಿ ಎಂದು ಅವಳು ಹೇಳಿದಳು. ಅವನು ಪಾಪ ಕೇಳಿಸಿಕೊಂಡ. ಸಂಘದವರೊಬ್ಬರನ್ನು ಕರೆತಂದ. ಅವರಿಗೆ ಕನ್ನಡ ಬಾರದು. ಬಗ್ಗಿ ಅಂಗೈಯಿಂದ ದಿಬ್ಬವನ್ನು ಸವರಿದರು. ಕೈಗೆ ಏನೂ ಅಂಟಲಿಲ್ಲ. ಘಟ್ಟಮ್ಮನ ಕಡೆ ನೋಡಿ ಹೆಬ್ಬೆರಳೆತ್ತಿ ತೋರಿಸಿ, ಬಹಳ ಚೆನ್ನಾಗಿದೆ ಅನ್ನುವಂತೆ ನಕ್ಕು ಹೋದರು.

“ಅಮ್ಮಾ, ಮುಂಜಾನೇನೇ ನಿಮ್ ಮೇಷ್ಟ್ರು ಬಂದು ಮುಟ್ಟಿ ನೋಡ್ಯಾರೆ. ಸರಿ ಐತೆ ಅಂದಾರೆ. ನೀವು ಗಾಬರಿ ಆಗಬ್ಯಾಡ್ರಿ,” ಎಂದ ಹುಡುಗ.

“ಕೈಯಾಗೆ ನೋಡಿದ್ರೆ ಗೊತ್ತಾಗಲ್ಲಪ್ಪ. ಹಿಮ್ಮಡಿ ಊರಬೇಕು. ನಾನೊಂದು ಸಲ ಊರ್ತೀನಿ, ಬಿಡು.”

ಬಿಡಲಿಲ್ಲ. ಬಿಡುವಂತಿರಲಿಲ್ಲ. ದಿಬ್ಬದ ಮೇಲೆ ಕಾಲಿಟ್ಟರೆ ಸ್ಪರ್ಧೆ ನಿಲ್ಲುತ್ತದೆ ಎಂದ. ನಿಲ್ಲಲಿ ಎಂದಳು ಅವಳು. ಸುತ್ತಲಿನವರು ನಕ್ಕರು. ಕಣ ಸಾರಿಸಿದವಳು ಮತ್ತೆ ಕಣದ ಹೊರಗೆ ನಿಂತಿದ್ದಳು. ಮೇಷ್ಟ್ರಿಗೆ ಹೇಳೋಣವೆಂದರೆ ಅವರು ಮೇಲೆ ಅಟ್ಟಣಿಗೆಯಲ್ಲಿ. ಯಾರದೋ ಫೋನು ಬೇಡಿ ಅವರಿಗೆ ಹಚ್ಚಿಸಿದಳು, ರಿಂಗಾಯಿತು, ಎತ್ತಲಿಲ್ಲ. ತಿಪ್ಪೇಶಪ್ಪ ಫ್ಯಾನಿನ ಬುಡದಲ್ಲಿ ದೂರಕ್ಕೆ ಕಾಣುತ್ತಿದ್ದ. ಕೂಗಿದಳು. ಧ್ವನಿವರ್ಧಕದಲ್ಲಿ ಯಾವುದೋ ಕುಣಿತದ ಪದ ಹಾಕಿದ್ದರು, ಅವಳ ಕೂಗು ಅವಳ ಕಿವಿಗೇ ಕೇಳಿಸಲಿಲ್ಲ.

ಮೊದಲು ಇಳಿದವಳು ಶಿವಲೀಲಾ. ಘಟ್ಟಮ್ಮ ಎರಡೂ ಕೈಯಲ್ಲಿ ಹಗ್ಗ ಹಿಡಿದು ಕಣ್ಣು ಮುಚ್ಚಿದಳು. ಚಪ್ಪಾಳೆ ಕೇಳಿ ತೆರೆದಾಗ ಹುಡುಗಿ ಸುರಕ್ಷಿತವಾಗಿ ಕೆಳಗಿದ್ದಳು. ಹಗುರ ಮೈ, ಸೀದಾ ನೆಗೆತ, ಇಳಿಜಾರಿನ ಒಂದು ಅಂಚಿಗೆ ಮೆತ್ತಗೆ ಇಳಿದಿದ್ದಳು. ಅವಳ ಚಕ್ರ ಹರಿದಲ್ಲಿ ಮೇಲಿನ ಕೆನೆ ಸೀಳಿ ಒಂದು ಕಪ್ಪು ಗೆರೆ ಮೂಡಿತ್ತು. ಅದನ್ನು ಘಟ್ಟಮ್ಮ ಒಬ್ಬಳೇ ನೋಡಿದಳು. ನೋಡಿದಿರಾ ಅಮ್ಮಾ, ಏನೂ ಆಗಲಿಲ್ಲ ಎಂದ ಹಳದಿ ಅಂಗಿಯ ಹುಡುಗ.

ಆಗ ಅವಳು ತನ್ನನ್ನು ತಾನು ಸಮಾಧಾನ ಮಾಡಿಕೊಳ್ಳತೊಡಗಿದಳು. ಸೀದಾ ಹಾರಿದರೆ ಸೀದಾ ಇಳಿಯಬಹುದು. ಇವಳೂ ಸೀದಾ ಹಾರುತ್ತೇನೆ ಎಂದಿದ್ದಾಳೆ. ನಿನ್ನೆ ಸಂಜೆ ತನ್ನ ಬಾಯಿಂದಲೇ ಹೇಳಿದ್ದಾಳೆ. ಲಾಗ ಹಾಕುವುದಿಲ್ಲ. ಹಾಕುವುದಿಲ್ಲ ತಾಯಿ, ಹಾಕದ ಹಾಗೆ ಮಾಡು ಎಂದು ತನ್ನದೇ ಹೆಸರಿನ ದೇವಿಯನ್ನು ಬೇಡಿಕೊಂಡಳು. ಎರಡು ವರ್ಷದಿಂದ ಮಗಳ ಲಾಗ ಚೆನ್ನಾಗಿ ಬರಲಿ ಎಂದು ಹರಕೆ ಹೊತ್ತವಳು.

ಧ್ವನಿವರ್ಧಕ ರಕ್ಷಾಳ ಹೆಸರು ಕೂಗಿತು. ಅಟ್ಟಣಿಗೆಯ ಅಂಚಿಗೆ ಹುಡುಗಿ ಬಂದು ನಿಂತಳು. ಯಾವತ್ತಿನಂತೆ ಹೊರಡುವ ಮುಂಚೆ ಕೆಳಗಿನವರೆಗೆ ಹಾದಿಯನ್ನೊಮ್ಮೆ ನೋಡಿದಳು. ನೋಡುತ್ತ ನಿಂತಳು. ದೂರದಿಂದ ಮುಖ ಕಾಣುತ್ತಿರಲಿಲ್ಲ. ಆದರೆ ಅವಳು ಹ್ಯಾಂಡಲ್ಲಿನಿಂದ ಒಂದು ಕೈ ತೆಗೆದು, ಜನರ ಕಡೆಗೆ, ಯಾರನ್ನೋ ಹುಡುಕುವಂತೆ, ಮೇಲೆತ್ತಿ ಬೀಸಿದಳು. ಘಟ್ಟಮ್ಮ ಎರಡೂ ಕೈ ಎತ್ತಿ ಬೇಡ ಬೇಡ ಎಂದು ಆಡಿಸಿದಳು. ಸುತ್ತಲಿದ್ದವರೆಲ್ಲ ಕೈ ಎತ್ತಿ ಆಡಿಸಿದರು. ಅಷ್ಟು ಕೈಗಳಲ್ಲಿ ಅವಳದು ಯಾವುದು ಎಂದು ಯಾರಿಗೆ ತಿಳಿಯಬೇಕು.

ಹುಡುಗಿ ಹೊರಟಳು. ಮೂರು ದಿಬ್ಬಗಳನ್ನು ಮಾತಾಡಿಸಿದ ಹಾಗೆ ದಾಟಿದಳು. ಹಲಗೆಯ ಗೋಡೆಯ ಮೇಲೆ ಹರಿದು ಕೆಳಗೆ ಬಂದಳು. ಜನ ಕೇಕೆ ಹಾಕಿದರು. ಕೊನೆಯ ದಿಬ್ಬಕ್ಕೆ ಬರುವಾಗ ಬ್ರೇಕು ಮುಟ್ಟಲಿಲ್ಲ, ಇನ್ನೆರಡು ತುಳಿತ ತುಳಿದಳು. ಲಾಗಕ್ಕೆ ಮಾತ್ರ ಅಷ್ಟು ವೇಗ ಬೇಕು. ಘಟ್ಟಮ್ಮನಿಗೆ ಆಗಲೇ ತಿಳಿಯಿತು. ಹುಡುಗಿ ಮೇಲೆದ್ದಳು, ತಲೆ ಹಿಂದಕ್ಕೆ ಬಾಗಿತು, ಸೈಕಲ್ಲಿನ ಚಕ್ರ ಆಕಾಶಕ್ಕೆ ತಿರುಗಿತು. ಎಂಥ ಲಾಗ ಅದು. ಎರಡು ವರ್ಷದಲ್ಲಿ ಅಷ್ಟು ಚೊಕ್ಕವಾದ ಲಾಗವನ್ನು ಅವಳು ಹಾಕಿರಲಿಲ್ಲ ಎಂದು ಆಮೇಲೆ ಮೇಷ್ಟ್ರು ಅಂದರು. ಪೂರ್ತಿ ಸುತ್ತಿ, ಎರಡೂ ಚಕ್ರ ಒಟ್ಟಿಗೆ, ಇಳಿಜಾರಿನ ನಟ್ಟನಡುವೆ, ಬಗ್ಗಡ ಎಲ್ಲಕ್ಕಿಂತ ದಪ್ಪವಾಗಿದ್ದಲ್ಲಿ ಬಂದು ಇಳಿದಳು. ಹಿಂದಿನ ಚಕ್ರ ಪಕ್ಕಕ್ಕೆ ಜಾರಿತು. ಅಷ್ಟೇ.

ದಾವಣಗೆರೆಯ ಆಸ್ಪತ್ರೆಯಲ್ಲಿ ಎಡ ಭುಜದ ಎಲುಬು ಎರಡು ಕಡೆ ಮುರಿದಿದೆ, ಮೊಣಕೈ ಕೀಲೂ ಕೆಟ್ಟಿದೆ, ತಗಡು ಹಾಕಬೇಕು ಎಂದರು. ಕೈ ಕೆಲಸಕ್ಕೆ ಬರುತ್ತದೆ, ಆದರೆ ಮೈಭಾರ ಹೊತ್ತು ಹಾರುವ ಮಾತು ಮರೆಯಿರಿ ಎಂದು ಡಾಕ್ಟರು ತಿಪ್ಪೇಶಪ್ಪನನ್ನು ಪಕ್ಕಕ್ಕೆ ಕರೆದು ಹೇಳಿದರು. ಮಧ್ಯಾಹ್ನ ಗಾಳಿ ನಿಜವಾಗಿಯೂ ಜೋರಾಯಿತು. ಎರಡನೆಯ ಸುತ್ತು ನಡೆಯಲೇ ಇಲ್ಲ. ಶಿವಲೀಲಾ ಗೆದ್ದಳು. ಸಂಜೆ ಆ ಹುಡುಗಿ ಅಪ್ಪನ ಜೊತೆ ಆಸ್ಪತ್ರೆಗೆ ಬಂದು, ಒಂದು ಡಜನ್ ಬಾಳೆಹಣ್ಣಿಟ್ಟು ಅಳುತ್ತ ಹೋದಳು.

ಘಟ್ಟಮ್ಮ ಮೇಷ್ಟ್ರ ಮುಂದೆ ಎಲ್ಲವನ್ನೂ ಹೇಳಿದಳು. ಅವರು ತಲೆಯಾಡಿಸಿದರು. ನಾನೇ ಮುಟ್ಟಿ ನೋಡಿದ್ದೇನೆ, ಒಣಗಿತ್ತು, ಶಿವಲೀಲಾ ಇಳಿಯಲಿಲ್ಲವೆ? ಇಳಿಯುವಾಗ ಇವಳ ಭಾರ ಹಿಂದಾಯಿತು, ಎಂಥವರಿಗೂ ಆಗುತ್ತದೆ, ನೀವು ಮೈಮೇಲೆ ಹಾಕಿಕೊಳ್ಳಬೇಡಿ ಎಂದರು. ತೀರ್ಪುಗಾರರೂ ಹುಡುಗಿಯ ತಪ್ಪು ಎಂದೇ ಬರೆದುಕೊಂಡಿದ್ದರು. ಗಂಡನಿಗೆ ಹೇಳಿದಳು. ಅವನು, ನೀರು ತಂದುಕೊಟ್ಟವನು ನಾನು ಎಂದಷ್ಟೇ ಹೇಳಿ ಹೊರಗೆ ಹೋದ.

ಮೂರನೆಯ ದಿನ ರಕ್ಷಾ ಸರಿಯಾಗಿ ಮಾತಾಡಿದಳು. ಘಟ್ಟಮ್ಮ ಅವಳಿಗೆ ಗಂಜಿ ಕುಡಿಸುತ್ತಿದ್ದಳು. ಹುಡುಗಿ ಅಮ್ಮನ ಕೈಯನ್ನೇ, ಆ ಸೊಟ್ಟ ಕಿರುಬೆರಳನ್ನೇ ನೋಡುತ್ತಿದ್ದಳು.

“ಮ್ಯಾಲೆ ನಿಂತು ನೋಡ್ದಾಗ ನಿನ್ ಕೈ ಕಂಡ್ತಮ್ಮ. ಎಷ್ಟು ಖುಷಿ ಆತು ಗೊತ್ತಾ? ಅಮ್ಮ ಬಂದು ಸಾರಿಸ್ಯಾಳೆ, ಹಿಮ್ಮಡಿ ಊರಿ ನೋಡಿರ್ತಾಳೆ ಅಂತ, ಅದಕ್ಕೇ ಲಾಗ ಹಾಕ್ದೆ. ನೀನು ಅಷ್ಟು ಮಾಡಿಕೊಟ್ರೂ ನನಗೆ ನೆಟ್ಟಗೆ ಇಳಿಯಾಕೆ ಬರಲಿಲ್ಲ ನೋಡು.”

ಘಟ್ಟಮ್ಮ ಲೋಟ ಕೆಳಗಿಟ್ಟಳು. ಮೂರು ದಿನದಿಂದ ಯಾರು ನಂಬದಿದ್ದರೂ ಇವಳು ನಂಬುತ್ತಾಳೆ, ನಂಬಿ ಬೈಯುತ್ತಾಳೆ, ಬೈದರೆ ಸಾಕು ಎಂದುಕೊಂಡಿದ್ದಳು.

“ಹಸಿ ಇತ್ತು ಕಣವ್ವ. ನಾನು ಊರಿ ನೋಡಿರಲಿಲ್ಲ. ಒಳಗೆಲ್ಲ ಹಸಿ ಇತ್ತು. ನಿಂದೇನೂ ತಪ್ಪಿಲ್ಲ.”

ರಕ್ಷಾ ಅವಳನ್ನು ನೋಡಿ ನಕ್ಕಳು. ನೋವಿಗೆ ನಗು ಅರ್ಧಕ್ಕೇ ನಿಂತಿತು. ಸರಿಯಿದ್ದ ಕೈಯಿಂದ ಅಮ್ಮನ ಕೆನ್ನೆ ಒರೆಸಿದಳು.

“ನನ್ ಸಮಾಧಾನಕ್ಕೆ ತಪ್ಪನ್ನ ನಿನ್ ಕೈ ಮ್ಯಾಲೆ ಯಾಕೆ ಹಾಕ್ಕಂತೀಯಮ್ಮ? ಒಣಗದೇ ನೀನು ಯಾವತ್ತಾದ್ರೂ ಇಳಿಸಿದ್ದೀಯಾ?”

ಘಟ್ಟಮ್ಮ ಮತ್ತೆ ಹೇಳಿದಳು. ಮೋಡದ ವಿಷಯ ಹೇಳಿದಳು, ಹಗ್ಗದ ವಿಷಯ, ಹಳದಿ ಅಂಗಿಯ ಹುಡುಗನ ವಿಷಯ, ಕಪ್ಪು ಗೆರೆಯ ವಿಷಯ ಹೇಳಿದಳು. ಹುಡುಗಿ ಎಲ್ಲದಕ್ಕೂ, ಆಯ್ತಮ್ಮ, ಆಯ್ತು ಅನ್ನುತ್ತಿದ್ದಳು, ಚಿಕ್ಕ ಮಕ್ಕಳ ಮಾತಿಗೆ ದೊಡ್ಡವರು ಹೂಗುಟ್ಟುವ ಹಾಗೆ. ಆಮೇಲೆ, ತಗಡು ತೆಗೆದ ಮೇಲೆ ನಮ್ಮ ಹಳೆಯ ಕಣದಲ್ಲೇ ಮೊದಲು ಹಾರುತ್ತೇನೆ, ನೀನೇ ಸಾರಿಸಿ ಕೊಡಬೇಕು ಎಂದು ಹೇಳಿ ಅಮ್ಮನ ಬಲಗೈಯನ್ನು ಎಳೆದು ತನ್ನ ಎದೆಯ ಮೇಲಿಟ್ಟುಕೊಂಡಳು. ಡಾಕ್ಟರು ಹೇಳಿದ್ದನ್ನು ಅವಳಿಗೆ ಇನ್ನೂ ಯಾರೂ ಹೇಳಿರಲಿಲ್ಲ. ಘಟ್ಟಮ್ಮ ಕೈ ಹಿಂದಕ್ಕೆ ತೆಗೆದುಕೊಳ್ಳಲು ನೋಡಿದಳು. ಹುಡುಗಿ ಬಿಡಲಿಲ್ಲ.